ಕರೆದರೆ ಓ ಅನ್ನಬೇಕು

"ಬಿಚ್ಚಲೇ ಅದನ್ನ! ಇಲ್ಲೇ ಬಿಚ್ಚು!"

ಧಾರವಾಡ ಸ್ಟೇಶನ್ನಿನಲ್ಲಿ ನಾಲ್ಕು ಮಂದಿಯ ಎದುರಿಗೆ ಬಿಂದುಮಾಧವರಾಯರು ಕೊಡೆಯ ತುದಿಯಿಂದ ಬರಮಪ್ಪನ ಧೋತರವನ್ನು ತಿವಿದರು. ಧೋತರ ಹೊಸದು. ಮಗ ಪುಣೆಗೆ ಹೊರಟಿದ್ದಾನೆಂದು ಅವನವ್ವ ಫಕೀರವ್ವ ಮೊಟ್ಟೆಯಿಡುವ ಕೋಳಿ ಕೊಟ್ಟು ತಂದದ್ದು.

"ಯಾಕ್ರೀ ಎಪ್ಪಾ, ಹೊಲಸಾಗೇತೇನ್ರಿ?"

"ಹೊಲಸಾಗಿದ್ರ ಛಲೋ ಇತ್ತಲ್ಲೋ ಕತ್ತೀ! ಮದುವಿ ಗಂಡಿನಂಗ ನಿಂತೀ. ಹಿಂಗ ಹೋಗಿ ಕೌನ್ಸಿಲ್ಲಿನ್ಯಾಗ ಕೂತ್ರ, ಬಿಟ್ಟಿ ಹೊತ್ತು ಸತ್ತವನ ಮಗ ಅಂತ ಯಾರು ನಂಬ್ತಾರ? ದಿನಾ ಉಡೋ ಹರಕ ಎಲ್ಲದ?"

"ಗಂಟಿನ್ಯಾಗ ಐತ್ರಿ."

"ಅದನ್ನ ಸುತ್ತಿಗೋ. ಇದನ್ನ ಊರಿಗೆ ಬಂದಮ್ಯಾಲೆ ಉಡು, ಯಾರು ಬ್ಯಾಡಂತಾರ."

ಬರಮಪ್ಪ ಪಾರ್ಸಲ್ಲಿನ ಮೂಟೆಗಳ ಮರೆಗೆ ಹೋಗಿ ಹೊಸದನ್ನು ಬಿಚ್ಚಿ ಹರಕನ್ನು ಸುತ್ತಿಕೊಂಡ. ಒಬ್ಬ ಹಮಾಲ ಹಲ್ಲು ಕಿರಿದ. "ಏನಲೇ, ನಿಮ್ಮ ಧಣಿ ನಿನ್ನ ಸೀರಿ ಸೆಳಿಯಾಕತ್ತಾನೇನು?" ಬರಮಪ್ಪನೂ ನಕ್ಕ. ನಗದೆ ಏನು ಮಾಡುವುದು? ಆಮೇಲೆ ರಾಯರ ಹಾಸಿಗೆ ಸುರುಳಿಯನ್ನು ತಲೆಗೂ ಟ್ರಂಕನ್ನು ಹೆಗಲಿಗೂ ಏರಿಸಿಕೊಂಡ. ತಿಂಡಿಯ ಬುಟ್ಟಿಯನ್ನು ಮಾತ್ರ ರಾಯರೇ ಹಿಡಿದುಕೊಂಡರು. ಅದನ್ನು ಅವನು ಮುಟ್ಟುವಂತಿರಲಿಲ್ಲ.

ರಾಯರು ಧಾರವಾಡದ ವಕೀಲರು, ಮುಂಬಯಿ ಇಲಾಖೆಯ ಕೌನ್ಸಿಲ್ಲಿಗೆ ಆರಿಸಿ ಹೋದವರು. ಮಳೆಗಾಲದಲ್ಲಿ ಕೌನ್ಸಿಲ್ಲು ಪುಣೆಯಲ್ಲಿ ಕೂಡುತ್ತಿತ್ತು. ಮುಗದದ ಆಚೆ ಅತ್ತೀಕೊಪ್ಪದಲ್ಲಿ ಅವರ ಭತ್ತದ ಗದ್ದೆಗಳಿದ್ದವು. ಬರಮಪ್ಪ ಅದೇ ಊರಿನ ವಾಲೀಕಾರ. ಹೊಲಗೇರಿಯ ಅವನ ಮನೆತನಕ್ಕೆ ಸರಕಾರ ಒಂದು ತುಂಡು ಕಲ್ಲು ಹೊಲ ಬಿಟ್ಟಿತ್ತು. ಅದರ ಋಣಕ್ಕೆ ಊರಿನ ಓಲೆ ಒಯ್ಯಬೇಕು, ಸತ್ತ ದನ ಎಳೆಯಬೇಕು, ಸಾಹೇಬರ ಕ್ಯಾಂಪು ಬಂದರೆ ಮುಂದಿನ ಊರಿನ ತನಕ ಸಾಮಾನು ಹೊರಬೇಕು. ಕೂಲಿ ಇಲ್ಲ, ಹೊತ್ತು ಗೊತ್ತಿಲ್ಲ; ಇದಕ್ಕೇ ಬಿಟ್ಟಿ ಅನ್ನುವುದು. ಗೌಡರು ಮೈಲಿಗೆಯೆಂದು ಕೇರಿಯೊಳಗೆ ಕಾಲಿಡುತ್ತಿರಲಿಲ್ಲ. ಕೇರಿಯ ಬಾಯಿಗಿದ್ದ ಹುಣಸೆಗಿಡದ ಕೆಳಗೆ ನಿಂತು ಹೆಸರು ಹಿಡಿದು ಕೂಗುವರು. ಕೂಗಿದ ಕೂಡಲೇ "ಓ ರೀ ಎಪ್ಪಾ, ಬಂದ್ನಿ" ಎಂದು ಎದ್ದು ನಿಲ್ಲಬೇಕು. ಬಾಯಲ್ಲಿ ತುತ್ತಿದ್ದರೆ ಉಗುಳಿ ಅನ್ನಬೇಕು. ಅದು ಅಪ್ಪನ ಅಪ್ಪನಿಂದ ಬಂದ ರೂಢಿ.

ರಾಯರು ಬರಮಪ್ಪನನ್ನು ಗೌಡರ ಕಡೆಯಿಂದ ಬೇಡಿ ತಂದದ್ದೂ ಸಾಮಾನು ಹೊರುವ ನೆಪದಲ್ಲೇ. ಗೌಡರು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಅಂದಿದ್ದರು: "ಒಯ್ರಿ ರಾಯರ, ನಿಮಗ ಇಲ್ಲ ಅನ್ನಾಕ ಆಕ್ಕೇತೇನು? ಆದ್ರ ಈ ವಾರ ಕ್ಯಾಂಪು ಐತಿ. ಇಂವ ಇಲ್ಲಂದ್ರ ಇವನವ್ವ ಹೊರತಾಳ, ಬಿಡ್ರಿ."

ಗಾಡಿ ಮುಗದ ದಾಟುವಾಗ ಬರಮಪ್ಪ ಮೂರನೆಯ ಕ್ಲಾಸಿನ ಕಿಟಕಿಯಿಂದ ಹಳ್ಳದ ಏರನ್ನು ನೋಡಿದ. ಅಪ್ಪ ಮುದುಕಪ್ಪ ಬಿದ್ದದ್ದು ಅಂಥದೇ ಒಂದು ಏರಿನಲ್ಲಿ, ಹೋದ ಶ್ರಾವಣದಲ್ಲಿ. ಸಾಹೇಬರು ಮೈ ತೊಳೆಯುವ ತಗಡಿನ ಟಬ್ಬನ್ನು ಅವನ ತಲೆಯ ಮೇಲೆ ಬೋರಲು ಹಾಕಿದ್ದರು. ಟಬ್ಬು ಹೆಗಲಿನ ತನಕ ಇಳಿದು ಮುಖವೇ ಕಾಣುತ್ತಿರಲಿಲ್ಲ. ಮೇಲೆ ಮಳೆ ಹಲಗೆ ಬಡಿದ ಹಾಗೆ ತಗಡನ್ನು ಬಡಿಯುತ್ತಿತ್ತು. ಹಿಂದೆ ಕುದುರೆಯ ಮೇಲಿದ್ದ ಗೌಡರು ಮೂರು ಸಲ ಕೂಗಿದರು. ಒಳಗಿದ್ದವನಿಗೆ ಕೇಳಲಿಲ್ಲ. "ಕರದ್ರ ಓ ಅನ್ನಾಂಗಿಲ್ಲೇನಲೇ ಸೂಳೇಮಗನ?" ಎಂದು ಗೌಡರು ಇಳಿದು ಬಂದು ಒದ್ದರು. ಟಬ್ಬಿನ ಸಮೇತ ಮುದುಕ ಕಲ್ಲಿನ ಮೇಲೆ ಬಿದ್ದ. ಮತ್ತೆ ಏಳಲಿಲ್ಲ. ಗುಡಾರದ ಗೂಟ ಹೊತ್ತು ಹಿಂದೆ ಬರುತ್ತಿದ್ದ ಬರಮಪ್ಪ, ಆ ದಿನ ಮೊದಲು ಗೂಟಗಳನ್ನು ಮುಂದಿನ ಊರಿಗೆ ಮುಟ್ಟಿಸಿ, ತಿರುಗಿ ಬಂದು ಅಪ್ಪನನ್ನು ಹೊತ್ತುಕೊಂಡು ಮನೆಗೆ ಹೋದ.

ಆವತ್ತಿನಿಂದ ಫಕೀರವ್ವನ ಬಾಯಲ್ಲಿ ಒಂದೇ ಮಾತು. "ಕರದ ಕೂಡ್ಲೆ ಓ ಅನ್ನು ಮಗನ. ಓ ಅನ್ನದ ಸತ್ತ ನಿಮ್ಮಪ್ಪ."

ಹೊರಡುವ ಮುಂಚೆ ಬರಮಪ್ಪ ರಾಯರನ್ನು ಕೇಳಿದ್ದ: "ಅಲ್ಲಿ ಹೇಳಿದ್ರ ಬಿಟ್ಟಿ ನಿಂದರತೈತೇನ್ರಿ?"

"ನಿಂದ್ರಸ್ಲಿಕ್ಕೇ ಹೊಂಟೇನಿ."

"ಅವ್ವನ ತಲಿಮ್ಯಾಲೆ ಬರೂದ್ರೊಳಗ ನಿಂದರತೈತೇನ್ರಿ?"

ರಾಯರು ಗಡಿಯಾರ ನೋಡಿಕೊಂಡು "ಲಗೂ ನಡಿಯೋ" ಅಂದಿದ್ದರು.

* * *

ಕೌನ್ಸಿಲ್ಲಿನ ಗ್ಯಾಲರಿಯ ಬಾಗಿಲಲ್ಲಿ ಕೆಂಪು ಪಟ್ಟಾ ಹಾಕಿಕೊಂಡ ಸಿಪಾಯಿ ನಿಂತಿದ್ದ. ಹೆಸರು ಮಕಬೂಲಸಾಬ, ಹುಬ್ಬಳ್ಳಿ ಹತ್ತಿರದ ಬೆಂಗೇರಿಯವನು. ಪುಣೆಗೆ ಬಂದು ತಲೆ ನರೆತಿದ್ದರೂ ಕನ್ನಡ ಕಿವಿಗೆ ಬಿದ್ದರೆ ಕರಗುವ ಮನುಷ್ಯ.

"ನೋಡಪಾ ತಮ್ಮಾ, ಇಲ್ಲಿ ಮೂರ ಕಾನೂನು. ಮಾತಾಡಾಂಗಿಲ್ಲ, ಏಳಾಂಗಿಲ್ಲ, ಉಗುಳಾಂಗಿಲ್ಲ."

"ಕೆಮ್ಮು ಬಂದ್ರರಿ?"

"ನುಂಗು. ನಾ ಇಪ್ಪತ್ತು ವರ್ಷ ನುಂಗೇನಿ."

ಬರಮಪ್ಪ ಬೆಂಚಿನ ಮೇಲೆ ಕೂಡಲು ಒಪ್ಪಲಿಲ್ಲ. ಕೆಳಗೆ ಅಷ್ಟು ಮಂದಿ ದೊಡ್ಡವರು ಕುಂತಿರುವಾಗ ಅವರಿಗಿಂತ ಮೇಲೆ, ಅದೂ ಬೆಂಚಿನಲ್ಲಿ! ಕೊನೆಗೆ ಮಕಬೂಲಸಾಬನೇ ಹೆಗಲು ಒತ್ತಿ ಕೂಡಿಸಿದ.

ಕೆಳಗೆ ಕರಿ ನಿಲುವಂಗಿ ತೊಟ್ಟ ಅಧ್ಯಕ್ಷರು ಎತ್ತರದ ಕುರ್ಚಿಯಲ್ಲಿದ್ದರು. ಒಂದು ಕಡೆ ಸರಕಾರದ ಬೆಂಚು, ಅಲ್ಲಿ ದೊರೆಗಳು. ಇನ್ನೊಂದು ಕಡೆ ರುಮಾಲು, ಪಗಡಿ, ಕರಿ ಟೊಪ್ಪಿಗೆ. ಒಬ್ಬರು ಎದ್ದು ಮಾತಾಡುವರು, ಉಳಿದವರು ನಗುವರು, ಮೇಜು ಬಡಿಯುವರು. ಎಲ್ಲ ಇಂಗ್ಲಿಷು. ಮಧ್ಯಾಹ್ನದ ತನಕ ಅದೇ ನಡೆಯಿತು.

"ಏನ್ ಮಾತಾಡಾಕತ್ತಾರ್ರಿ ಕಾಕಾ?"

"ರೇಸಿನ ಕುದರಿ ಮ್ಯಾಲೆ ಕರ ಹಾಕೂದೋ ಬ್ಯಾಡೋ ಅಂತ."

"ಹೊತ್ತು ಮೂಡಿದಾಗಿಂದ ಕುದರೀದ ಏನ್ರಿ?"

"ಕುದರಿ ಮಾತು ಮುಗದಮ್ಯಾಲೆ ನಿಂದು."

ಬರಮಪ್ಪ ಕೆಳಗೆ ಬಗ್ಗಿ ನೋಡಿದ. "ಆ ಕುದರಿನೂ ಬಿಟ್ಟಿ ಓಡತಾವೇನ್ರಿ?"

"ಇಲ್ಲಲೇ. ಅವಕ್ಕ ಹುರಳಿ ಬೇಸಿ ಹಾಕತಾರ."

ಕುದುರೆ ಮುಗಿದ ಮೇಲೆ ಊಟದ ಬಿಡುವು. ಊಟವಾದ ಮೇಲೆ ಅರ್ಧ ಬೆಂಚು ಬರಿದು. ಆಗ ಬಿಟ್ಟಿ ನಿಲ್ಲಿಸುವ ಗೊತ್ತುವಳಿ ಹಿಡಿದು ರಾಯರು ಎದ್ದರು. ಹೆಗಲ ಉಪರಣಿ ಸರಿಮಾಡಿಕೊಂಡು, ಒಂದು ಕೈ ಎದೆಯ ಮೇಲಿಟ್ಟು ಮಾತಾಡಿದರು. ದನಿ ಏರಿತು, ಇಳಿಯಿತು, ನಡುಗಿತು. ಭಾಷೆ ತಿಳಿಯದಿದ್ದರೂ ಬರಮಪ್ಪನ ಮೈ ಜುಮ್ಮೆಂದಿತು. ತನ್ನ ಅಪ್ಪನ ಸಲುವಾಗಿ ಇಷ್ಟು ಚೆಂದಾಗಿ ಯಾರೂ ಅತ್ತಿರಲಿಲ್ಲ.

ಸರಕಾರದ ಬೆಂಚಿನಿಂದ ಒಬ್ಬ ದೊರೆ ಎದ್ದ. ಕೂತಷ್ಟೇ ಹಗುರಾಗಿ ನಿಂತು, ನಾಲ್ಕು ಮಾತು ಓದಿ ಕೂತ.

"ದೊರಿ ಏನಂದ್ರು ಕಾಕಾ?"

ಮಕಬೂಲಸಾಬ ಬಾಯಿಗೆ ಕೈ ಅಡ್ಡ ಹಿಡಿದ. "ಆಳುಗಳು ಖುಷೀಲೆ ಬರತಾರಂತ. ಸತ್ತ ಮುದುಕಗ ಮೊದಲ ಜ್ವರ ಇತ್ತಂತ. ಮನ್ಯಾಗಿನವರು ಯಾರೂ ತಕರಾರು ಮಾಡಿಲ್ಲಂತ."

"ನಮ್ಮನ್ನ ಯಾರೂ ಕೇಳಿಲ್ರೀ ಕಾಕಾ."

"ಅದಕ್ಕ ತಕರಾರು ಇಲ್ಲ ಅಂದದ್ದು."

ರಾಯರು ಮತ್ತೆ ಎದ್ದರು. ಈ ಸಲ ಅವರ ಕೈ ಎದೆಯಿಂದ ಮೇಲೆ ಹಾರಿ, ಸೀದಾ ಗ್ಯಾಲರಿಯ ಕಡೆಗೆ ಚಾಚಿತು. ಇಂಗ್ಲಿಷಿನ ಪ್ರವಾಹದ ನಡುವೆ ಒಂದು ಹೆಸರು ಗಟ್ಟಿಯಾಗಿ ಬಂತು:

"ಬರಮಪ್ಪ ಮುದುಕಪ್ಪ ವಾಲೀಕಾರ!"

"ಓ ರೀ ಎಪ್ಪಾ, ಬಂದ್ನೀ!"

ಬರಮಪ್ಪ ಎದ್ದು ನಿಂತಿದ್ದ. ಕೈ ಮುಗಿದಿದ್ದ. ಬಾಯಿ ಅವನದಾಗಿದ್ದರೂ ಕೂಗಿದವನು ಅವನಲ್ಲ, ಅಪ್ಪನ ಅಪ್ಪನಿಂದ ಬಂದ ರೂಢಿ. ಸಭೆ ಒಂದು ಗಳಿಗೆ ದಂಗಾಯಿತು, ಆಮೇಲೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರು ಸುತ್ತಿಗೆ ಬಡಿದರು. ಮಕಬೂಲಸಾಬ ಅಂಗಿ ಹಿಡಿದು ಜಗ್ಗಿದ. "ಕೂಡೋ ಮಾರಾಯಾ, ನನ್ನ ನೌಕರಿ ತಗೀತಿ!"

ನಗೆ ನಿಂತಿತು. ಎಲ್ಲರೂ ಮೇಲೆ ನೋಡುತ್ತಿದ್ದರು. ಚಾವಡಿಯಲ್ಲಿ ಹೆಸರು ಕೂಗಿ ಸುಮ್ಮನಾದರೆ, ಇನ್ನು ನಿನ್ನದು ಹೇಳು ಎಂದು ಅರ್ಥ. ಬರಮಪ್ಪ ಹೇಳಿದ.

"ಜ್ವರ ಇದ್ದಿದ್ದಿಲ್ರೀ ಎಪ್ಪಾ. ಮುಂಜಾನೆ ಎರಡ ರೊಟ್ಟಿ ತಿಂದಿದ್ದ. ತಲಿಮ್ಯಾಲೆ ಟಬ್ಬು ಇತ್ರಿ, ಮಳಿ ಸಪ್ಪಳಕ್ಕ ಕರದದ್ದು ಕೇಳಲಿಲ್ಲ. ಅಷ್ಟಕ್ಕ ಗೌಡರು ಒದ್ರು, ಸತ್ತ. ನಾ ಅಲ್ಲೇ ಇದ್ನಿರಿ. ಬಿಟ್ಟಿ ಬಿಡಸ್ರಿ ಎಪ್ಪಾ. ಸಾಹೇಬರದು, ಗೌಡರದು... ನಮ್ಮ ರಾಯರದೂ ಸುಗ್ಗ್ಯಾಗ ಭತ್ತ ಹೊರೂದೈತ್ರಿ, ಅದೂ ಬಿಡಸ್ರಿ. ಇವತ್ತ ಬಿಡಸ್ರಿ. ನಮ್ಮವ್ವನ ಪಾಳಿ ಬಂದೈತಿ."

ಕನ್ನಡ ಬಲ್ಲ ಇಬ್ಬರು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಪಗಡಿಯವ ಕರವಸ್ತ್ರದಲ್ಲಿ ನಗೆ ಮುಚ್ಚಿಕೊಂಡ. ಅಧ್ಯಕ್ಷರು ರಾಯರ ಕಡೆಗೆ ತಿರುಗಿ ಏನೋ ಕೇಳಿದರು. ರಾಯರ ಮುಖದಲ್ಲಿ ರಕ್ತವಿರಲಿಲ್ಲ. ಗಂಟಲು ಸರಿಮಾಡಿಕೊಂಡು ಒಂದೇ ಮಾತು ಹೇಳಿದರು. ಸಭೆಯ ಎರಡೂ ಕಡೆ ಮೇಜು ಬಡಿದರು. ನಾಲ್ಕು ಮಾತಿನ ದೊರೆ ಕೂಡ ತಲೆ ಬಾಗಿಸಿ ನಕ್ಕ.

ಬರಮಪ್ಪನ ಎದೆ ಹಿಗ್ಗಿತು. ಬಿಟ್ಟಿ ನಿಂತಿತು ಅಂದುಕೊಂಡ. ಅಷ್ಟರಲ್ಲಿ ಮಕಬೂಲಸಾಬ ಅವನ ಕತ್ತಿಗೆ ಕೈ ಹಾಕಿ ಹೊರಗೆ ನೂಕಿದ.

ಮೆಟ್ಟಿಲ ಮೇಲೆ ಕತ್ತು ಬಿಟ್ಟು, ಬೀಡಿ ಕೊಟ್ಟ.

"ಕತ್ತು ಹಿಡದದ್ದಕ್ಕ ಸಿಟ್ಟಾಗಬ್ಯಾಡ. ಹಿಡೀಲಿಲ್ಲಂದ್ರ ನನ್ನ ಕತ್ತು ಹೋಗತಿತ್ತು."

"ಇರಲಿ ಬಿಡ್ರಿ. ರಾಯರು ನನ್ನ ಮಾತು ತಿಳಿಸಿ ಹೇಳಿದ್ರಲ್ಲ? ಮೇಜು ಬಡದ್ರು!"

ಮಕಬೂಲಸಾಬ ಬೀಡಿಯ ಬೂದಿ ಕೊಡವಿದ.

"ಏನಂದ್ರು ಗೊತ್ತೈತೇನು? 'ಈ ಬಡವ ನಿಮಗೆಲ್ಲರಿಗೂ ಉಪಕಾರ ಹೇಳಾಕತ್ತಾನ' ಅಂದ್ರು."

ಬರಮಪ್ಪನ ಬೀಡಿ ಆರಿತು. ಮತ್ತೆ ಹಚ್ಚಲಿಲ್ಲ.

ಸಂಜೆಗೆ ರಾಯರು ಹೊರಬಂದರು. ನಾಲ್ಕು ಮಂದಿ ಕೈ ಕುಲುಕುತ್ತಿದ್ದರು. ಅವರು ಹೋದ ಮೇಲೆ ರಾಯರ ನಗೆಯೂ ಹೋಯಿತು.

"ಹಲ್ಕಟ್! ಭತ್ತದ ಮಾತು ಯಾರು ಕೇಳಿದ್ರೋ ನಿನ್ನ? ಮಾನಾ ಕಳೀತಿದ್ದಿ. ಹೋಗ್ಲಿ... ಗೊತ್ತುವಳಿ ವಾಪಸ್ ತಗೊಂಡೆ. ಬಿಟ್ಟಿ ವಿಚಾರ ಮಾಡ್ತೇವಿ ಅಂತ ಸರಕಾರ ಮಾತು ಕೊಟ್ಟದ. ದೊಡ್ಡ ಜಯ ಇದು, ನಿನಗ ತಿಳಿಯೂದಿಲ್ಲ."

"ಅಪ್ಪ ಹೆಂಗ ಸತ್ತ ಅಂತ ಬರಕೊಂಡ್ರೇನ್ರಿ?"

"ಗ್ಯಾಲರ್‍ಯಾಗಿನ ಮಾತು ಸಭಾದ ಮಾತಲ್ಲೋ. ಗದ್ದಲಾ ಆತು ಅಂತ ಬರೀತಾರ, ಅಷ್ಟ." ರಾಯರು ಟ್ರಂಕು ತೋರಿಸಿದರು. "ಎತ್ತು, ಗಾಡಿಗೆ ಹೊತ್ತಾತು."

ಬರಮಪ್ಪ ಎತ್ತಿದ.

* * *

ಧಾರವಾಡದಲ್ಲಿ ರಾಯರ ಮನೆಯ ಕಟ್ಟೆಗೆ ಟ್ರಂಕು ಇಳಿಸಿ, ಅತ್ತೀಕೊಪ್ಪದ ತನಕ ನಡೆದು ಬಂದಾಗ ಹೊತ್ತು ಮುಳುಗುತ್ತಿತ್ತು. ಗುಡಿಸಲಲ್ಲಿ ಫಕೀರವ್ವ ಗೋಡೆಗೆ ಆತು ಕುಂತಿದ್ದಳು. ಮಗ ಬಂದರೂ ಈ ಕಡೆ ತಿರುಗಲಿಲ್ಲ.

"ಎವ್ವಾ?"

"ಈ ಕಡೆ ಬಾರೋ. ಕುತ್ತಿಗಿ ಹೊಳ್ಳವಲ್ದು."

ಎದುರಿಗೆ ಹೋಗಿ ಕುಂತ. ಅವಳ ತಲೆ ಒಂದು ಬದಿಗೆ ವಾಲಿ ಅಲ್ಲೇ ನಿಂತಿತ್ತು. ನೆತ್ತಿಯ ಬಿಳಿ ಕೂದಲಿಗೆ ರಕ್ತ ಅಂಟಿ ಒಣಗಿತ್ತು.

"ಅದ ಟಬ್ಬು ಮಗನ. ನಿಮ್ಮಪ್ಪ ಕಲ್ಲಿನ ಮ್ಯಾಲೆ ಬಿದ್ದಾಗ ನೆಗ್ಗಿತ್ತಲ್ಲ, ಆ ನೆಗ್ಗು ಹಂಗ ಐತಿ. ನನ್ನ ನೆತ್ತಿಗೆ ಬರೋಬರಿ ಕುಂತಿತು." ಆಮೇಲೆ ಕೇಳಿದಳು. "ಏನಂದ್ರೋ ದೊಡ್ಡವರು?"

"ಮೇಜು ಬಡದ್ರು."

"ಅಂದ್ರ?"

ಬರಮಪ್ಪ ಗಂಟು ಬಿಚ್ಚಿ ಹೊಸ ಧೋತರದ ಅಂಚು ಹರಿದು, ನೀರಲ್ಲಿ ಅದ್ದಿ ಅವ್ವನ ನೆತ್ತಿ ಒರೆಸಿದ. "ಅಯ್ಯ, ಹೊಸಾದು!" ಎಂದು ಅವಳು ಬೈದಳು. ಇನ್ನಷ್ಟು ಹರಿದ.

ಬೆಳಗಿನ ಜಾವ, ಇನ್ನೂ ಕತ್ತಲು. ಕ್ಯಾಂಪು ಮುಂದಿನ ಊರಿಗೆ ಏಳುವ ದಿನ. ಜಿಟಿಜಿಟಿ ಮಳೆ ಹಿಡಿದಿತ್ತು. ಹುಣಸೆಗಿಡದ ಕಡೆಯಿಂದ ಕೂಗು ಬಂತು.

"ಬರಮ್ಯಾ!"

ಬರಮಪ್ಪನ ಮೈ ತಾನಾಗಿಯೇ ಅರ್ಧ ಎದ್ದಿತು. ಗಂಟಲಿನ ತನಕ ಬಂದದ್ದನ್ನು, ಮಕಬೂಲಸಾಬ ಕೆಮ್ಮು ನುಂಗಿದ ಹಾಗೆ ನುಂಗಿದ. ಕುಂತ.

"ಬರಮ್ಯಾ! ಬಂದೀಯಂತಲ್ಲಲೇ ಪುಣೇಕ ಹೋಗಿ! ಕಿವಿ ಕಿತ್ತಿಟ್ಟು ಬಂದೀಯೇನು?"

"ಓ ಅನ್ನೋ," ಫಕೀರವ್ವ ಪಿಸುಗುಟ್ಟಿದಳು. ಅವಳ ವಾಲಿದ ತಲೆ ನಡುಗುತ್ತಿತ್ತು. "ಓ ಅನ್ನೋ ನನ್ನಪ್ಪಾ. ನಿನ್ನ ಕಾಲ ಬೀಳತೇನಿ."

"ಅವ್ರು ಒಳಗ ಬರೂದಿಲ್ಲವ್ವಾ," ಬರಮಪ್ಪ ಮೆಲ್ಲಗೆ ಅಂದ. ಅಂದ ಮೇಲೆಯೇ ಆ ಮಾತು ಅವನಿಗೂ ಹೊಸದಾಗಿ ಕೇಳಿಸಿತು. "ಎಂದೂ ಒಳಗ ಬಂದಿಲ್ಲ. ನಾವು ಓ ಅಂತೀವಿ, ನಾವ ಹೊರಗ ಹೋಗತೀವಿ."

"ಲೇ ಸೂಳೇಮಗನ, ಬರಮ್ಯಾ!"

ಫಕೀರವ್ವನ ಬಾಯಿ ತೆರೆಯಿತು. ಮಗನ ಬದಲು ತಾನೇ ಓಗೊಡಬೇಕೆಂದು ಉಸಿರು ಎಳೆದುಕೊಂಡಳು. ಬರಮಪ್ಪ ಅವಳ ಮುಖವನ್ನೇ ನೋಡಿದ. ಆ ಉಸಿರು ದನಿಯಿಲ್ಲದೆ ಹೊರಗೆ ಹೋಯಿತು. ಬಾಯಿ ಮುಚ್ಚಿಕೊಂಡು ಅವಳು ಅವನ ಕೈ ಹಿಡಿದಳು.

ಹೊರಗೆ ಮಾತು ನಿಂತಿತು. ಕುದುರೆ ಕೆನೆಯಿತು. ಆರಿದ ಬೂದಿಯ ಮೇಲೆ ಹನಿ ಬಿದ್ದ ಹಾಗೆ ಸಣ್ಣ ಸಪ್ಪಳವೊಂದೇ ಉಳಿಯಿತು, ಮಾಡಿನ ಹುಲ್ಲಿನ ಮೇಲೆ ಮಳೆ. ಆಮೇಲೆ ಗೌಡರು ಪಕ್ಕದ ಗುಡಿಸಲಿನ ಹೆಸರು ಹಿಡಿದು ಕೂಗಿದರು.

"ಏ ಗುತ್ಯಾ! ನೀ ಬಾರಲೇ!"

ಅಡ್ಡಗೋಡೆಯ ಆಚೆ ಗುತ್ಯಪ್ಪ ಎದ್ದದ್ದು ಕೇಳಿಸಿತು. ಅವನ ಕಾಲ ಬಳಿ ಇದ್ದ ಕೊಡ ಉರುಳಿತು. ಅವನು ಎದ್ದವನು ಬಾಗಿಲಿಗೆ ಹೋದನೋ, ಅಲ್ಲೇ ನಿಂತನೋ ತಿಳಿಯಲಿಲ್ಲ. ಓ ಅನ್ನುವ ದನಿ ಮಾತ್ರ ಬರಲಿಲ್ಲ.

"ಕಂದೀಲು ತಾರೋ," ಎಂದು ಗೌಡರು ಯಾರಿಗೋ ಹೇಳಿದರು. "ಮಳ್ಯಾಗ ಮಾಡಿನ ಹುಲ್ಲು ಹತ್ತಗೊಂತೈತೋ ಇಲ್ಲೋ ನೋಡೇಬಿಡೂನು."

ಮಾಡು ಹತ್ತಿಕೊಂಡರೆ ಹೊರಗೆಳೆಯಲು ಬರಲೆಂದು ಬರಮಪ್ಪ ಅವ್ವನನ್ನು ಬಾಗಿಲ ಹತ್ತಿರಕ್ಕೆ ಸರಿಸಿ ಕೂಡಿಸಿದ. ತಾನು ಬಾಗಿಲಿಗೆ ಬೆನ್ನು ಕೊಟ್ಟು, ಬಾಯಿ ಬಿಗಿದು ಕುಂತ. ಕೇರಿಯಲ್ಲಿ ಎಲ್ಲರೂ ಎಚ್ಚರಿದ್ದರು. ಯಾರೂ ಕೆಮ್ಮಲಿಲ್ಲ.