ಬಳಿ ಬೇರೆ, ಜ್ವರ ಒಂದೇ

ಚಹಾದ ಲೋಟದ ಅಂಚು ತುಟಿಗೆ ಚುರುಕ್ಕೆಂದಿತು, ವಸಂತಿ ಅತ್ತಿಗೆ ಯಾವಾಗಲೂ ಹೀಗೇ, ಕುದಿಕುದಿಯುವುದನ್ನೇ ತಂದಿಡುತ್ತಾರೆ, ಆದರೂ ಇದೇನು ಬಿಸಿ, ಮಗಳು ರಮಿತಾಳ ಹಣೆಯ ಬಿಸಿ ಕಂಡ ಕೈಗೆ — ಮತ್ತೆ ಧರ್ಮಪಾಲಣ್ಣನ ದನಿ, ಕೇಳುವುದೇನುಂಟು ಸುಂದರಿ, ಸೋದರಮಾವನ ಮನೆಗೆ ಹುಡುಗಿ ಬರುವುದು ನಮ್ಮಲ್ಲಿ ಇದ್ದದ್ದೇ, ನೀನು ಹೋಗಲಿಲ್ಲವಾ, ನನ್ನ ಮಗ ಯತಿನ್‌ಗೂ ಮಹಾಪೆಯಲ್ಲಿ ಕೆಲಸ ಕಾಯಂ ಆಯ್ತು. ಹೌದು, ಅವಳೂ ಸೋದರಮಾವನ ಮಗ ಸರ್ವೋತ್ತಮನನ್ನೇ ಕಟ್ಟಿಕೊಂಡವಳು, ತಾಯಿಯಿಂದ ಬರುವ ಬಳಿ ಬೇರೆಯಾದರೆ ರಕ್ತವೂ ಬೇರೆ ಎಂದು ಹಿರಿಯರು ಕೂಡಿಸಿದ್ದು, ಆ ಮಾತನ್ನೇ ಸೀವುಡ್ಸ್‌ನ ಡಾಕ್ಟರಮ್ಮನ ಮುಂದೆ ಎಷ್ಟು ಗತ್ತಿನಿಂದ ಹೇಳಿದ್ದಳು, ಆ ಮರಾಠಿ ಹೆಂಗಸು ನಗಲಿಲ್ಲ, ವಂಶದ ನಕ್ಷೆಗೆ ಚೌಕ ಬರೆದು, ವೃತ್ತ ಬರೆದು, ಪಣ್ ಮಾವಶೀ, ಆಜೋಬಾ ಏಕಚ್ ನಾ — ಅಜ್ಜ ಒಬ್ಬರೇ, ಅಜ್ಜನಿಂದ ಒಂದು ದೋಷ ಅವಳೊಳಗೆ, ಅದೇ ದೋಷ ಗಂಡನೊಳಗೆ, ಒಂದೊಂದೇ ಇದ್ದದ್ದಕ್ಕೆ ಇಬ್ಬರೂ ಗಟ್ಟಿ, ಎರಡೂ ಕೂಡಿ ಬಿದ್ದದ್ದು ಮಗಳ ಮೇಲೆ. ಅದು ತಿಳಿಯುವ ಮೊದಲು ಟೈಫಾಯ್ಡ್ ಎಂದರು, ಮಲೇರಿಯಾ ಎಂದರು, ಹೊಟ್ಟೆ ಹಿಡಿದು ಮುದುರಿದ ಮಗುವಿನ ಅಪೆಂಡಿಕ್ಸ್ ಸುಮ್ಮನೆ ತೆಗೆದರು, ಜ್ವರ ತಾನಾಗಿ ಇಳಿದು ಮಗು ಡೊಂಬಿವಲಿಯ ಚಾಳಿನ ಅಂಗಳದಲ್ಲಿ ಕುಣಿದರೆ ಪಕ್ಕದವರು, ಪರೀಕ್ಷೆ ಬಂದಾಗಲೇ ಜ್ವರ ನೋಡಿ ಇವಳಿಗೆ, ನಾಟಕದವಳು. ಈಗ ದಿನಾ ಮಾತ್ರೆ, ಬದುಕಿರುವಷ್ಟು ಕಾಲ, ತಪ್ಪಿಸಿದರೆ ಕಿಡ್ನಿಯಲ್ಲಿ ಏನೋ ಅಂಟಿನಂಥದ್ದು ಕೂತು ಅದನ್ನು ಕೆಡಿಸುತ್ತದಂತೆ — ಲೋಕಲ್ ರೈಲಿನಲ್ಲಿ ಬರುವಾಗ ಅವಳೇ ಪಿಸುಗುಟ್ಟಿದ್ದಳು, ವರ್ತಕ ನಗರದ ಮಾವನ ಮನೆಗೆ ಹೋದ ಮೇಲೆ ಜ್ವರದ ಮಾತೆತ್ತಬೇಡ ಮಗಾ, ನನಗಿರುವುದು ಒಂದೇ ತವರು, ಅದರ ಬಾಗಿಲೂ ಮುಚ್ಚೀತು, ರಮಿತಾ ಕಿಟಕಿಯಾಚೆ ನೋಡಿದಳು, ಈಗ ಮಾವನ ಮುಂದೆ ಎದ್ದು ನಿಂತಿದ್ದಾಳೆ, ಮಾಮಾ, ಬುರಾ ಮತ್ ಮಾನೋ, ಬೇಜಾರು ಮಾಡಬೇಡಿ, ಯತಿನ್ ಒಳ್ಳೆಯವನೇ, ಆದರೆ ನನ್ನಲ್ಲಿ ಆ ದೋಷ ಎರಡೂ ಕಡೆಯದ್ದಿದೆ, ಅವನಲ್ಲಿ ಒಂದಿದ್ದರೂ ಹುಟ್ಟುವ ಮಕ್ಕಳಲ್ಲಿ ಅರ್ಧದಷ್ಟಕ್ಕೆ ಇದೇ ಜ್ವರ ಬರಬಹುದು, ಈ ಮದುವೆ ನನಗೆ ಬೇಡ. ಹೇಳಿ ನಿಲ್ಲಿಸಿದಳು, ನಮ್ಮಪ್ಪ ದೀಪದ ಮುಂದೆ ಪದ್ಯ ಓದುವಾಗ ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲಿಸುತ್ತಿದ್ದರಲ್ಲ, ಹಾಗೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಯತಿನ್ ಸೋಫಾದಿಂದ, ಬಚ್ ಗಯಾ ರೇ ಪಪ್ಪಾ, ನಾನು ಬಚಾವಾದೆ, ಇವಳ ಹತ್ತಿರ ವಾದ ಮಾಡಿ ಗೆಲ್ಲುವವರು ಯಾರು. ಅಣ್ಣ ನಗಲಿಲ್ಲ, ಅಜ್ಜನಿಗೂ ಬರುತ್ತಿತ್ತು ಜ್ವರ, ಬೆವರಿಳಿದರೆ ನೇರ ಗದ್ದೆಗೆ, ಅವರಿಗೆ ಮದುವೆಯಾಗಲಿಲ್ಲವಾ, ಮಕ್ಕಳಾಗಲಿಲ್ಲವಾ. ಆಗ ಸುಂದರಿಯ ಬಾಯಿ ತಾನೇ ತೆರೆಯಿತು, ಅಣ್ಣಾ, ಕಡೆಗಾಲದಲ್ಲಿ ಅಜ್ಜನ ಕಾಲು ನೆನಪುಂಟಾ, ಬಾತುಕೊಂಡ ಕಾಲನ್ನು ನಾವಿಬ್ಬರೂ ಬೆರಳಲ್ಲಿ ಒತ್ತಿ ಆಡುತ್ತಿದ್ದದ್ದು, ಗುಳಿ ಬಿದ್ದರೆ ತುಂಬುತ್ತಲೇ ಇರಲಿಲ್ಲವಲ್ಲ, ಕಿಡ್ನಿ ಹೋದದ್ದಕ್ಕೆ ಅದು, ಈ ಜ್ವರದ್ದೇ ಕೆಲಸ, ಹುಡುಗಿ ಹೇಳುವುದು ಸರಿ, ನಾನು ಕೊಡುವುದಿಲ್ಲ. ಅಣ್ಣ ಮುಖ ತಿರುಗಿಸಿದ. ಕೊಡುವುದಿಲ್ಲ ಎಂದಳಾ ಅವಳು, ಅಣ್ಣನ ಎದುರು, ಮುಚ್ಚಿದರೆ ಮುಚ್ಚಲಿ ಬಾಗಿಲು, ಎಂಥ ಹುಡುಗಿ ದೇವರೇ, ನನ್ನ ಹೊಟ್ಟೆಯ ಹುಡುಗಿ — ಕಣ್ಣ ಮುಂದೆ ಬೇರೇನೂ ಇಲ್ಲ, ಹೋದ ವಾರ ಡಾಕ್ಟರಮ್ಮನ ಹೆಬ್ಬೆರಳು, ಮಗಳ ಕಾಲಿನ ಮೇಲೆ ಒತ್ತುತ್ತದೆ, ಬಿಡುತ್ತದೆ, ಗುಳಿ ಉಳಿಯದೆ ಚರ್ಮ ಎದ್ದು ಬರುತ್ತದೆ, ಒತ್ತುತ್ತದೆ, ಎದ್ದು ಬರುತ್ತದೆ, ಒತ್ತುತ್ತದೆ, ಎದ್ದು —