ಅರ್ಧಕ್ಕೆ ನಿಂತ ಚಹಾ

ಟಕ್ ಟಕ್ ಎಂದು ಪೆನ್ನಿನ ತುದಿ ಮೇಜಿಗೆ ಬಡಿಯುವ ಸದ್ದು, ಫೋನಿನ ಆ ಕಡೆಯಿಂದ, ಆಯ್ಕೆ ಸಮಿತಿಯ ಅಧ್ಯಕ್ಷೆ ಪ್ರಶ್ನೆ ಕೇಳಿ ಮುಗಿಸಿ ಕಾಯುತ್ತಿದ್ದಾರೆ, ಕಾಯುವವರೆಲ್ಲ ಏನನ್ನಾದರೂ ಬಡಿಯುತ್ತಿರುತ್ತಾರೆ, ನಾನು ಬಡಿಯುವುದಿಲ್ಲ, ನನ್ನ ಬಲಗೈ ತೊಡೆಯ ಕೆಳಗಿದೆ, ಅದರ ಮೇಲೆ ನಾನೇ ಕೂತಿದ್ದೇನೆ — ಎದುರಿಗೆ ಕೂರಿಸ್ಕೊಂಡು ಕಹಿ ಮಾತು ಹೇಳೋ ಗುಂಡಿಗೆ ಇದೆಯಾ ನಿಮ್ಮ ಉಪನಿರ್ದೇಶಕರಿಗೆ, ಅದೊಂದು ಹೇಳಿಬಿಡಿ ಮೇಡಂ, ಕೊನೆಗೆ ಇಬ್ಬರು ಉಳಿದಿದ್ದಾರೆ, ಇನ್ನೊಬ್ಬರಿಗೆ ಬಾಯಿ ಜೋರು, ನಿಮ್ಮವರಿಗೆ ಕೆಲಸ ಜೋರು, ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದೊಂದು ವಿಭಾಗವೂ ತನ್ನದೇ ಒಂದು ಸರ್ವರನ್ನ ಕೂಸಿನ ಹಾಗೆ ತಬ್ಬಿಕೊಂಡು ಕೂತಿದೆ, ಎಲ್ಲವನ್ನೂ ಬಿಡಿಸಿ ಒಂದು ಕಡೆ ತರಬೇಕು, ತಂತ್ರಜ್ಞಾನದ ಮುಖ್ಯಸ್ಥ ಅಂದ್ಮೇಲೆ ಬೈಸಿಕೊಳ್ಳೋಕೂ ಬರಬೇಕು, ಬೈಯೋಕೂ ಬರಬೇಕು. ನಿಜ, ಬರಬೇಕು. ಅವನಿಗೆ ಬರುವುದಿಲ್ಲ. ಇಲ್ಲ ಎಂದುಬಿಟ್ಟರೆ ಮುಗಿಯಿತು, ಅದು ಸುಳ್ಳೂ ಅಲ್ಲ, ಅವನು ಇಲ್ಲೇ ಉಳಿಯುತ್ತಾನೆ, ಈ ಸಣ್ಣ ಕಾಲೇಜಿನ ಗಣಕ ಕೇಂದ್ರದಲ್ಲಿ ನನ್ನ ಕೈಕೆಳಗೆ, ನನ್ನ ನಿವೃತ್ತಿಯವರೆಗೆ, ನನ್ನ ಲೋಟದಲ್ಲಿ ಚಹಾ ಅರ್ಧಕ್ಕೇ ನಿಂತಿರುತ್ತದೆ. ಎಷ್ಟು ಸಲೀಸು. ನಿಮ್ಮ ಹೆಸರು ಕೊಟ್ಟಿದ್ದೀನಿ ಮೇಡಂ, ಇದ್ದದ್ದನ್ನ ಇದ್ದ ಹಾಗೇ ಹೇಳಿ, ಎಂದಿದ್ದ, ಬಾಗಿಲಲ್ಲಿ ನಿಂತು, ಕಾಲಿನ ಹೆಬ್ಬೆರಳು ನೋಡುತ್ತಾ, ಬೇರೆ ಕೆಲಸ ಹುಡುಕುವುದೇ ಒಂದು ಅಪರಾಧವೆಂಬಂತೆ. ಇದ್ದದ್ದು ಇದ್ದ ಹಾಗೆ. ಹೇಳಿದರೆ ಅವನು ಹೋಗುವುದಿಲ್ಲ, ಅದು ನನ್ನ ತಪ್ಪೇನು.

ಗಾಜಿನ ಗೋಡೆಯ ಆಚೆ ಹಜಾರದಲ್ಲಿ ಅವನೇ ಕಾಣುತ್ತಾನೆ, ಕೆಟಲ್ ಹಿಡಿದು ನಿಂತಿದ್ದಾನೆ, ಉಪನಿರ್ದೇಶಕನಾಗಿಯೂ ತಾನೇ ಚಹಾ ಬಗ್ಗಿಸುತ್ತಾನೆ, ಬೇಡ ಕಣಪ್ಪ ಎಂದರೂ ಕೇಳುವುದಿಲ್ಲ, ಎಲ್ಲರೂ ಅವನನ್ನು ಮೆಲ್ಲಗಣ್ಣ ಎನ್ನುತ್ತಾರೆ, ನಡಿಗೆ ಮೆಲ್ಲಗೆ, ಮಾತು ಮೆಲ್ಲಗೆ, ಬಾಗಿಲು ಮುಚ್ಚುವುದೂ ಮೆಲ್ಲಗೆ, ಕೇಬಲ್ ನೋಡಿಕೊಳ್ಳುವ ತಂತಿಯಕ್ಕ ಒಮ್ಮೆ ಹೇಳಿದ್ದಳು, ಮೆಲ್ಲಗಣ್ಣ ಸಿಟ್ಟು ಮಾಡ್ಕೊಂಡ್ರೆ ನಂಗೆ ಫೋನ್ ಮಾಡಿ ಮೇಡಂ, ರಜೆ ಇದ್ರೂ ಓಡಿ ಬರ್ತೀನಿ ನೋಡೋಕೆ. ಪ್ರಾಣಿಶಾಸ್ತ್ರದ ಹಳೇ ಮೇಷ್ಟ್ರು ಮೇಜಿನ ಕೆಳಗೆ ಒಂದು ಮುದಿ ಸರ್ವರ್ ಇಟ್ಟುಕೊಂಡಿದ್ದರು, ಜೀವಮಾನವಿಡೀ ಅಳೆದ ಮೀನುಗಳ ಲೆಕ್ಕವೆಲ್ಲ ಅದರೊಳಗೆ, ಯಾರು ಕೇಳಿದರೂ ನನ್ನ ಹೆಣದ ಮೇಲೆ ಎತ್ಕೊಂಡು ಹೋಗಿ ಎನ್ನುತ್ತಿದ್ದರು, ಅದನ್ನು ನಮ್ಮ ಕೇಂದ್ರಕ್ಕೆ ಒಪ್ಪಿಸಬೇಕೆಂದು ನಾನು ಆದೇಶ ಬರೆದೆ, ಪ್ರಾಂಶುಪಾಲರು ರುಜು ಹಾಕಿದರು, ಅವನು ಆ ಆದೇಶವನ್ನು ಕಿಸೆಯಿಂದ ತೆಗೆಯಲೇ ಇಲ್ಲ, ದಿನಾ ಮಧ್ಯಾಹ್ನ ಹೋಗಿ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತ, ಈ ಕಡತದಲ್ಲಿ ಏನಿದೆ ಸರ್, ಈ ಮೀನು ಯಾಕೆ ಇಷ್ಟು ಸಣ್ಣದು ಸರ್, ಒಂದು ತಿಂಗಳು ಹೀಗೆ, ಆಮೇಲೆ ಒಂದು ದಿನ ಮೇಷ್ಟ್ರೇ ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು, ಎಲ್ಲಿ ಇಡಲಿ ಇದನ್ನ ಎಂದರು, ಕಣ್ಣು ಕೆಂಪಗಿತ್ತು. ಒಂದು ಪೆಟ್ಟಿಗೆ ತರೋಕೆ ಒಂದು ತಿಂಗಳೇನೋ ಮಾರಾಯ ಎಂದು ನಾನು ರೇಗಿದ್ದಕ್ಕೆ, ಪೆಟ್ಟಿಗೆ ಒಂದೇ ದಿನದಲ್ಲಿ ಬರ್ತಿತ್ತು ಮೇಡಂ, ಮೇಷ್ಟ್ರು ಬರೋಕೆ ಸ್ವಲ್ಪ ತಡ ಆಯ್ತು, ಎಂದ. ಚೆನ್ನಾಗಿದೆ ಕೇಳಲಿಕ್ಕೆ, ಆದರೆ ನಮ್ಮಲ್ಲೊಬ್ಬ ಸೋಮಾರಿ ಪ್ರೋಗ್ರಾಮರ್ ಇದ್ದಾನೆ, ಅವನ ಅರ್ಧ ಕೆಲಸವನ್ನು ಇವನೇ ಮಾಡಿಕೊಟ್ಟ, ತಿಂಗಳುಗಟ್ಟಲೆ, ನಿನಗೆ ಈ ಕೆಲಸ ಬಾರದಪ್ಪ ಎಂಬ ಒಂದು ವಾಕ್ಯ ಬಾಯಿಂದ ಹೊರಡಲಿಲ್ಲ, ಕೊನೆಗೆ ನಾನು ಹೇಳಬೇಕಾಯಿತು, ಇದೂ ಇದ್ದದ್ದೇ, ಇದನ್ನೂ ಹೇಳಬೇಕು.

ಟಕ್ ಟಕ್. ತೊಡೆಯ ಕೆಳಗೆ ಕೈ ಸಣ್ಣಗೆ ಮಿಡಿಯುತ್ತಿದೆ, ಬೋನಿನಲ್ಲಿ ಸಿಕ್ಕ ಇಲಿಯ ಹಾಗೆ, ಇದು ಅಮ್ಮನ ಕೈ, ಅಮ್ಮನಿಂದ ಬಂದದ್ದು, ಅಮ್ಮ ಯಾರ ಮನೆಗೆ ಹೋದರೂ ನೀರೂ ಬೇಡಮ್ಮ ಈಗಷ್ಟೇ ಕುಡಿದು ಬಂದೆ ಎನ್ನುತ್ತಿದ್ದಳು, ಮನೆಗೆ ಬಂದವಳೇ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಗಟಗಟ ಕುಡಿಯುತ್ತಿದ್ದಳು, ಅಷ್ಟು ಬಾಯಾರಿಕೆ ಯಾಕಮ್ಮ ಎಂದರೆ ಬಿಸಿಲು ಕಣೇ ಎನ್ನುವಳು, ಮೋಡ ಕವಿದ ದಿನವೂ ಬಿಸಿಲು. ನನಗೂ ಶುರುವಾಯಿತಲ್ಲ, ನಮ್ಮನೆಯವರು ತಮಾಷೆ ಮಾಡುತ್ತಾರೆ, ನಿಂದು ನಡುಕ ಅಲ್ಲ ಕಣೆ, ನನ್ನ ಮೇಲಿನ ಸಿಟ್ಟು, ಎಂದು ಹೇಳಿ ರವಿಕೆಯ ಹುಕ್ಕು ಹಾಕಿಕೊಡುತ್ತಾರೆ, ಮನೆಯಲ್ಲಿ ಅಷ್ಟೇ, ಹೊರಗೆ ಯಾರಿಗೂ ಗೊತ್ತಿಲ್ಲ, ಗೊತ್ತಾಗಕೂಡದು, ಒಂದು ಸಭೆಯ ದಿನ ತುಂಬಿದ ಲೋಟ ಎತ್ತಿ ಹಣಕಾಸು ಅಧಿಕಾರಿಯ ಕಾಗದಗಳ ಮೇಲೆಲ್ಲ ಚೆಲ್ಲಿದೆ, ನಿಮ್ಮ ಅಂಕಿಗಳು ತುಂಬಾ ಒಣಗಿದ್ವು ಸರ್ ಎಂದೆ, ಎಲ್ಲರೂ ನಕ್ಕರು, ಮೆಲ್ಲಗಣ್ಣನೊಬ್ಬ ನಗಲಿಲ್ಲ. ಮರುದಿನದಿಂದ ನನ್ನ ಲೋಟದಲ್ಲಿ ಚಹಾ ಅರ್ಧ. ಕುಡಿದು ಮುಗಿಸಿದರೆ ಇನ್ನರ್ಧ. ದ್ರವದ ಮೇಲ್ಮೈ ಎಷ್ಟು ತೂಗಾಡಿದರೂ ಅಂಚು ದೂರವಿದ್ದರೆ ಹೊರಗೆ ಬರುವುದಿಲ್ಲ, ಭೌತಶಾಸ್ತ್ರ ಓದಿದ ನನಗೇ ಹೊಳೆಯಲಿಲ್ಲ. ಮಂಡನೆಯ ದಿನಗಳಲ್ಲಿ ಪಕ್ಕಕ್ಕೆ ಬಂದು ಕೂರುತ್ತಾನೆ, ನೀವು ಹೇಳ್ತಾ ಹೋಗಿ ಮೇಡಂ, ಮೌಸ್ ನಾನು ಒತ್ತುತ್ತೀನಿ. ಒಂದು ಸಲವಾದರೂ ಕೇಳಿದನೇ, ಕೈಗೆ ಏನಾಗಿದೆ ಮೇಡಂ, ಡಾಕ್ಟರಿಗೆ ತೋರಿಸಿದ್ರಾ — ಕೇಳಲಿಲ್ಲ, ಅದೇ ಅವನ ದೌರ್ಬಲ್ಯ, ಎದುರಿಗೆ ಹೇಳುವ ಗುಂಡಿಗೆ ಇಲ್ಲ, ನೋಡಿ ಸಾಕ್ಷಿ ಇಲ್ಲೇ ಇದೆ, ನನ್ನ ತೊಡೆಯ ಕೆಳಗೆ.

ಹಲೋ, ಮೇಡಂ, ಲೈನಲ್ಲಿ ಇದ್ದೀರಾ. ಗಾಜಿನ ಆಚೆ ಹಣಕಾಸು ಅಧಿಕಾರಿ ತಮ್ಮ ಲೋಟ ಮೇಲೆತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ, ಬಾಯಿ ಆಡುತ್ತಿದೆ, ಏನಪ್ಪ ಮೆಲ್ಲಗಣ್ಣ, ಬಜೆಟ್ ಕಡಿಮೆ ಮಾಡಿದ್ದಕ್ಕೆ ಸೇಡಾ ಎಂದಿರಬೇಕು, ಪ್ರತಿಸಲವೂ ಅದೇ ಮಾತು, ಅರ್ಧ ಲೋಟದ ಇಲಾಖೆ ಎಂದು ಕಾಲೇಜೆಲ್ಲ ಆಡಿಕೊಳ್ಳುತ್ತದೆ, ನಾನೂ ನಕ್ಕಿದ್ದೇನೆ, ಖರ್ಚು ಉಳಿಸುತ್ತಾನೆ ಪಾಪ ಎಂದುಕೊಂಡು — ಅರ್ಧ. ಅವರ ಲೋಟವೂ ಅರ್ಧ. ತಂತಿಯಕ್ಕನದೂ. ಆ ಪ್ರೋಗ್ರಾಮರನದೂ. ಟ್ರೇ ಮೇಲಿನ ಅಷ್ಟೂ ಗಾಜಿನ ಲೋಟಗಳಲ್ಲಿ ಒಂದೇ ಮಟ್ಟದಲ್ಲಿ ಕಂದು ಗೆರೆ, ಮಟ್ಟಗೋಲು ಇಟ್ಟು ಎಳೆದ ಹಾಗೆ. ಹೋಲಿಸಿ ನೋಡಲು ಇನ್ನೊಂದು ಮಾದರಿ ಇಡದೆ ಯಾವ ಪ್ರಯೋಗವನ್ನೂ ನಂಬಬೇಡಿ ಎಂದು ವರ್ಷವರ್ಷವೂ ಪಾಠ ಹೇಳಿದವಳು ನಾನು, ಸಭೆಗಳಲ್ಲಿ ಬೇರೆಯವರ ಕಣ್ಣನ್ನೇ ನೋಡುತ್ತಿದ್ದೆ, ನನ್ನ ಕೈ ನೋಡುತ್ತಿದ್ದಾರೋ ಎಂದು, ಅವರ ಲೋಟಗಳನ್ನು ನೋಡಲೇ ಇಲ್ಲ. ನನ್ನದೊಂದೇ ಕಡಿಮೆ ಕಾಣಬಾರದೆಂದು ಎಲ್ಲರದನ್ನೂ ಇಳಿಸಿದ್ದಾನೆ, ಜಿಪುಣ ಎನ್ನಿಸಿಕೊಂಡಿದ್ದಾನೆ, ತನ್ನದನ್ನೂ ಅರ್ಧಕ್ಕೇ ನಿಲ್ಲಿಸಿಕೊಂಡಿದ್ದಾನೆ. ಅಮ್ಮಾ, ನಿನಗೆ ಹೀಗೆ ಬಗ್ಗಿಸಿ ಕೊಡುವವರು ಒಬ್ಬರೂ ಸಿಗಲಿಲ್ಲವಲ್ಲೇ.

ಇದ್ದೀನಿ ಮೇಡಂ, ಬರ್ಕೊಳ್ಳಿ, ಎದುರಿಗೆ ಕೂರಿಸ್ಕೊಂಡು ಹೇಳೋದಿಲ್ಲ ಅವನು, ಕೆಲಸ ಬಾರದವನನ್ನ ಬೈಯೋಕೆ ನೀವು ಇನ್ನೊಬ್ಬರನ್ನ ಜೊತೆಗೆ ಇಟ್ಕೋಬೇಕು — ಓ, ಹಾಗಾದ್ರೆ, ಎಂದರು, ಪೆನ್ನು ನಿಂತಿತು, ನಿಂತ ಪೆನ್ನಿನ ಮೌನದಲ್ಲಿ ಅವನು ನನ್ನವನಾಗಿಯೇ ಉಳಿದಿದ್ದಾನೆ, ಇನ್ನೊಂದು ಕ್ಷಣ ಸುಮ್ಮನಿದ್ದರೆ ಸಾಕು, ಸುಮ್ಮನಿರಲೇ — ತಾಳಿ, ಇನ್ನೂ ಇದೆ, ಇದನ್ನ ಈವರೆಗೆ ಯಾರಿಗೂ ಹೇಳಿಲ್ಲ, ನನ್ನ ಕೈ ನಡುಗುತ್ತೆ ಮೇಡಂ. ಕೈ. ನಡುಗುತ್ತೆ. ಅವನು ಅದನ್ನ ಬಾಯಲ್ಲಿ ಹೇಳಲಿಲ್ಲ, ಇಡೀ ಆಫೀಸನ್ನೇ ಅದಕ್ಕೆ ಹೊಂದಿಸಿಬಿಟ್ಟ, ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲ, ನಿಮ್ಮ ಪ್ರೊಫೆಸರುಗಳಿಗೂ ಗೊತ್ತಾಗಲ್ಲ, ಒಂದು ದಿನ ಅವರೇ ಸರ್ವರ್ ಹೊತ್ಕೊಂಡು ಬಂದು ಎಲ್ಲಿ ಇಡಲಿ ಇದನ್ನ ಅಂತಾರೆ, ಕರ್ಕೊಳ್ಳಿ ಅವನನ್ನ, ಎನ್ನುತ್ತಾ ತಲೆಯೆತ್ತಿದರೆ ಅವನು ಬಾಗಿಲಲ್ಲಿ ನಿಂತಿದ್ದಾನೆ, ಮೊಣಕೈಯಿಂದ ಬಾಗಿಲು ತಳ್ಳಿ ಬಂದಿದ್ದಾನೆ, ಮೆಲ್ಲಗೆ, ನನಗೆ ಕೇಳಿಸಲಿಲ್ಲ, ಅವನಿಗೆ ಕೇಳಿಸಿದೆ, ಕೈಯಲ್ಲಿ ಟ್ರೇ, ಟ್ರೇ ಮೇಲೆ ಎರಡು ಲೋಟ, ನನ್ನದು, ಅವನದು, ಅವನ ಕೈ ನಡುಗುತ್ತಿದೆ, ಗಾಜಿಗೆ ಗಾಜು ತಾಗಿ ಕಿಣಿಕಿಣಿ, ಕಂದು ಗೆರೆ ಆ ಕಡೆ ವಾಲುತ್ತದೆ, ಈ ಕಡೆ ವಾಲುತ್ತದೆ, ಚೆಲ್ಲುವುದಿಲ್ಲ, ವಾಲುತ್ತದೆ, ಚೆಲ್ಲುವುದಿಲ್ಲ, ಎರಡೂ ಅರ್ಧ