ಹರಿಯದ ಪಟ್ಟಿ

ಪ್ರದರ್ಶನದ ಮೇಜಿನ ಮೇಲಿದ್ದ ತನ್ನ ವಿಮಾನದ ಮುಂದೆ ಬಂದು ನಿಂತ ಹಲ್ಲಿನಕ್ಕ ನಿಂತಲ್ಲೇ ಕಲ್ಲಾದಳು.

ಹಲ್ಲಿನ ವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವಳ ಕಸುಬು. ಹಾಗಾಗಿ ಮಾದರಿ ವಿಮಾನ ಕಟ್ಟುವವರ ಕ್ಲಬ್ಬಿನಲ್ಲಿ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಅಂಗೈಗಿಂತ ತುಸು ದೊಡ್ಡದಾದ ಈ ಯುದ್ಧವಿಮಾನಕ್ಕೆ ಅವಳು ಎರಡು ವರ್ಷ ಜೀವ ತೇಯ್ದಿದ್ದಳು. ಮೇಣ ಕೆತ್ತುವ ಸಲಾಕೆಯಲ್ಲೇ ರೆಕ್ಕೆಯ ಒಂದೊಂದು ರಿವೆಟ್ಟನ್ನೂ ಒತ್ತಿದ್ದಳು. ಪೈಲಟ್ಟಿನ ಸೀಟಿನ ಬೆಲ್ಟಿಗೆ ಬಕಲ್ಲು ಕೂಡ ಇತ್ತು, ಉಸಿರು ಬಿಟ್ಟರೆ ಹಾರಿಹೋಗುವಂಥದ್ದು.

ಆ ವಿಮಾನದ ಪಕ್ಕೆಯ ಮೇಲೆ ಈಗ ಐದು ಕರಿ ಗುರುತುಗಳು ಸಾಲಾಗಿ ಕೂತಿದ್ದವು. ಒಂದು ಗುರುತೆಂದರೆ ಹೊಡೆದು ಕೆಡವಿದ ಒಂದು ಶತ್ರುವಿಮಾನ. ಅಷ್ಟೇ ಅಲ್ಲ, ರೆಕ್ಕೆಯ ಅಂಚಿನಲ್ಲಿ ಬಂದೂಕಿನ ಬಾಯಿಗಳಿಗೆ ಅವಳು ಅಂಟಿಸಿದ್ದ ಕೆಂಪು ಬಟ್ಟೆಪಟ್ಟಿಗಳನ್ನು ಯಾರೋ ಸೂಜಿಯಿಂದ ಹರಿದು, ಗುಂಡು ಹಾರಿ ಹೊಗೆ ಹಿಡಿದಂತೆ ಹಿಂದಕ್ಕೆ ಮಸಿ ಬಳಿದಿದ್ದರು.

"ಯಾರ್ರೀ ಇದನ್ನ ಮಾಡಿದ್ದು?"

"ನಾನೇ ಅಕ್ಕಾ!" ಕ್ಲಬ್ಬಿನ ಅಧ್ಯಕ್ಷ ಮುಖವರಳಿಸಿಕೊಂಡು ಬಂದ. ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಏಣಿ ಹತ್ತಿದರೂ ತಲೆ ಸುತ್ತುವ ಆಸಾಮಿ. "ನಿನ್ನೆ ನೀವು ಇಟ್ಟು ಹೋದ್ಮೇಲೆ ಕೂತು ಮಾಡಿದೆ. ಬರೀ ಪಕ್ಕೆ ಬೋಳುಬೋಳಾಗಿ ಕಾಣ್ತಿತ್ತು. ಮೇಲೆ ವಾರ್ನಿಷ್ ಬೇರೆ ಹೊಡೆದಿದ್ದೀನಿ, ಜಪ್ಪಯ್ಯ ಅಂದ್ರೂ ಏಳಲ್ಲ."

"ನನ್ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ವಾ?"

"ಕೇಳೋದೇನು? ಹರಿಯದ ಪಟ್ಟಿ ನೋಡೋಕೆ ಯಾರಕ್ಕಾ ಬರ್ತಾರೆ? ಹೆದರಿ ಓಡಿಬಂದೋನ ವಿಮಾನದ ಥರ ಇತ್ತು."

ಹಲ್ಲಿನಕ್ಕನ ಕಿವಿಯವರೆಗೂ ರಕ್ತ ನುಗ್ಗಿತು.

ಅದು ಮಹಾಯುದ್ಧದ ಕಾಲದಲ್ಲಿ ಅವಳ ಸೋದರಮಾವ ಹಾರಿಸುತ್ತಿದ್ದ ವಿಮಾನದ ಮಾದರಿ. ಶತ್ರುವಿನ ನೆಲದ ಫೋಟೋ ತೆಗೆದು ತರುವುದು ಅವನ ಕೆಲಸ. ಬಂದೂಕು ಇತ್ತು, ಪ್ರಾಣಕ್ಕೆ ಬಂದರೆ ಇರಲಿ ಎಂದು. ಧೂಳು ಹೋಗದಂತೆ ಅದರ ಬಾಯಿಗೆ ಬಟ್ಟೆ ಅಂಟಿಸಿ ಕಳಿಸುತ್ತಿದ್ದರು. ಗುಂಡು ಹಾರಿದರೆ ಹರಿಯುತ್ತಿತ್ತು. ರಜೆಗೆ ಬಂದಾಗ ಅವನು ಪುಟ್ಟ ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದನಂತೆ: "ಇನ್ನೂ ಒಂದು ಸಲಾನೂ ಪಟ್ಟಿ ಹರಿದಿಲ್ಲ ಕಣೇ ಪುಟ್ಟೀ. ಅದಕ್ಕೇ ನಿದ್ದೆ ಬರುತ್ತೆ ನಂಗೆ." ಆಮೇಲೊಂದು ಬೆಳಿಗ್ಗೆ ಹೋದವನು ತಿರುಗಿ ಬರಲಿಲ್ಲ. ಮಣ್ಣು ಮಾಡಲು ದೇಹವೂ ಸಿಗಲಿಲ್ಲ. ಆ ಪುಟ್ಟಿಯೇ ಹಲ್ಲಿನಕ್ಕನ ಅಮ್ಮ. ದೇವರ ಮುಂದೆ ಕಣ್ಣು ಮುಚ್ಚಿದಾಗಲೆಲ್ಲ ಅಣ್ಣನ ಹೆಸರು ಹೇಳುವುದನ್ನು ಇಂದಿಗೂ ಬಿಟ್ಟವಳಲ್ಲ. ಇವತ್ತು ಆ ವಿಮಾನವನ್ನು ಅವಳು ಮೊದಲ ಬಾರಿಗೆ ನೋಡುವವಳಿದ್ದಳು.

"ಕೈಗೆ ರಕ್ತ ಅಂಟಿಸಿಕೊಳ್ಳದೆ ಹೋದೋನು ನಮ್ಮ ಮಾವ," ಎಂದಳು ಹಲ್ಲಿನಕ್ಕ. "ಸತ್ತ ಮೇಲೆ ಐದು ಕೊಲೆ ಹೊರಿಸಿದ್ದೀರಲ್ಲ, ಯಾವ ಬಾಯಲ್ಲಿ ಜವಾಬು ಹೇಳ್ತೀರಿ?"

"ಅಯ್ಯೋ, ಗೌರವ ಮಾಡಿದ್ದಕ್ಕೆ ಹೀಗಂತೀರಲ್ಲ! ಯುದ್ಧ ಅಂದ್ಮೇಲೆ..."

"ಗೌರವಾನಾ? ನಿಮ್ಮ ಅಪ್ಪನ ಫೋಟೋಗೆ ನಾನು ಮೀಸೆ ಬರೆದು, ಗೌರವ ಅಂದ್ರೆ ಸುಮ್ಮನಿರ್ತೀರಾ?"

ಸುತ್ತ ಜನ ಸೇರಿದರು. ಯಾರೋ ಕಿಸಕ್ಕೆಂದರು. ಕ್ಯಾಪ್ಟನ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

ಆಗಲೇ ಪಕ್ಕದ ಮನೆಯವಳ ಕೈ ಹಿಡಿದುಕೊಂಡು ಅಮ್ಮ ಬಂದಳು. ಹಲ್ಲಿನಕ್ಕ ಮೇಜಿಗೆ ಅಡ್ಡ ನಿಂತಳು.

"ಅಮ್ಮಾ, ಸ್ವಲ್ಪ ತಾಳು. ಈಗ ನೋಡಬೇಡ."

"ಎಂಬತ್ತು ವರ್ಷ ತಾಳಿದ್ದೀನಿ. ಆ ಕಡೆ ಸರಕೊಳ್ಳೇ."

ಅಮ್ಮ ಬಗ್ಗಿದಳು. ಮೂತಿ ನೋಡಿದಳು, ಸೀಟು ನೋಡಿದಳು. ರೆಕ್ಕೆಯ ಹತ್ತಿರ ಬಂದಾಗ ಮುಖ ಬಿಗಿಯಿತು.

"ಪಟ್ಟಿ ಯಾಕೆ ಹರಿದಿದೆ?"

ಅವಳ ಬೆರಳು ಪಕ್ಕೆಯ ಗುರುತುಗಳತ್ತ ಸರಿಯಿತು.

"ಈ ಕರೀದು ಏನು?"

"ಅದು... ನಿಮ್ಮಣ್ಣ ಕೆಡವಿದ ವಿಮಾನಗಳ ಲೆಕ್ಕ, ತಾಯಿ," ಎಂದ ಕ್ಯಾಪ್ಟನ್. "ವೀರ ಅಂತ ತೋರಿಸೋಕೆ..."

"ನೀನು ಕಂಡಿದ್ದೆಯಾ ನಮ್ಮಣ್ಣನ್ನ?"

"ಇಲ್ಲ, ತಾಯಿ."

"ನಾನು ಕಂಡಿದ್ದೀನಿ." ಅಮ್ಮನ ದನಿ ಏರಲಿಲ್ಲ. ಅವಳು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ.

ಹಲ್ಲಿನಕ್ಕ ಚೀಲದಿಂದ ಸಲಾಕೆ ತೆಗೆದಳು. "ಕೆರೆದು ಹಾಕ್ತೀನಮ್ಮಾ. ವಾರ್ನಿಷ್ ಹೊಡೆದುಬಿಟ್ಟಿದ್ದಾರೆ, ಕೆಳಗಿನ ಬಣ್ಣಾನೂ ಕಿತ್ತು ಬರುತ್ತೆ. ಬರಲಿ."

"ನೀನ್ಯಾಕೆ ಕೆರೀತೀಯೆ? ಬರೆದೋನು ಇಲ್ಲೇ ನಿಂತಿದ್ದಾನಲ್ಲ." ಅಮ್ಮ ಮಗಳ ಕೈಯಿಂದ ಸಲಾಕೆ ಇಸಿದುಕೊಂಡು ಕ್ಯಾಪ್ಟನ್ನಿನ ಮುಂದೆ ಹಿಡಿದಳು. "ತಗೋ."

"ಬಹುಮಾನಕ್ಕೆ ನೋಡೋರು ಇನ್ನೇನು ಬರ್ತಾರೆ, ತಾಯಿ. ಗಾಯ ಆದ್ರೆ ಇದಕ್ಕೆ ಏನೂ ಸಿಗಲ್ಲ."

"ತಗೋ ಅಂದೆ."

ಅವನು ತೆಗೆದುಕೊಂಡ. ಕುರ್ಚಿ ಎಳೆದುಕೊಂಡು ಕೂತ. ಮೊದಲ ಗುರುತಿನ ಜೊತೆ ಬೂದುಬಣ್ಣದ ಸಿಪ್ಪೆ ಎದ್ದು ಬಂತು. ಕೆಳಗೆ ಬಿಳಿಯ ಪ್ಲಾಸ್ಟಿಕ್ಕು ಹಸಿ ಗಾಯದಂತೆ ಕಂಡಿತು. ಹಲ್ಲಿನಕ್ಕ ಕೈ ಅಡ್ಡ ಹಾಕಲಿಲ್ಲ. ಮೂರನೆಯದು ಹೋಗುವಷ್ಟರಲ್ಲಿ ಅವನ ಹಣೆಯ ಬೆವರು ಮೇಜಿನ ಮೇಲೆ ತೊಟ್ಟಿಕ್ಕಿತು.

"ರೆಕ್ಕೆಯ ಪಟ್ಟೀನೂ ನಾನೇ ಅಂಟಿಸಿಕೊಡ್ಲಾ, ಅಕ್ಕಾ?" ತಲೆ ಎತ್ತದೆ ಕೇಳಿದ.

"ಅದನ್ನ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಹಲ್ಲಿನಕ್ಕ.

ಅವನು ಸಲಾಕೆ ಕೆಳಗಿಟ್ಟು ಬೆರಳು ಕೊಡವಿದ.

"ಇನ್ನೂ ಎರಡು ಇದೆ," ಎಂದಳು ಅಮ್ಮ.